ಬೆಣ್ಣೆ ಹಚ್ಚಿದ ಕಣ್ಣು: ಒಂದು ಅರಮನೆಯ ಅಣ್ಣ-ತಂಗಿ ಪ್ರಕರಣ

ನಿಜವಾದ ಮನೆಯ ಕಥೆಯನ್ನು ಪೂರ್ತಿ ಬರೆಯೋಕೆ ಆಗುವುದಿಲ್ಲ. ಹೆಸರು ಬದಲಿಸಿದರೆ ಊರಿನಿಂದ ಗೊತ್ತಾಗುತ್ತದೆ. ಊರನ್ನೂ ಬದಲಿಸಿದರೆ ಯಾವುದೋ ಒಂದು ಮಾತಿನಿಂದ ಮನೆ ಗೊತ್ತಾಗುತ್ತದೆ. ಎಲ್ಲವನ್ನೂ ಮುಚ್ಚಿ ಬರೆದರೆ ಅದರಲ್ಲಿ ಉಪ್ಪೂ ಇಲ್ಲ, ಹುಳಿಯೂ ಇಲ್ಲ. ಅದಕ್ಕೇ ಮಕ್ಕಳ ನಡುವೆ ಭೇದ ಮಾಡುವ ವಿಷಯ ಬಂದಾಗಲೆಲ್ಲ ನಾನು ಕಾರ್ಟೂನಿನ ಒಂದು ಮನೆಯನ್ನು ಎತ್ತಿಕೊಳ್ಳುತ್ತೇನೆ.

ಅದು 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' ಸರಣಿಯ ರಾಜಮನೆ. ಮೈಕಲ್ ಡಾಂಟೆ ಡಿಮಾರ್ಟಿನೊ ಮತ್ತು ಬ್ರಯಾನ್ ಕೊನಿಯೆಟ್ಸ್ಕೊ ಸೇರಿ ಮಾಡಿದ ಸರಣಿ ಇದು. 2005ರಿಂದ 2008ರವರೆಗೆ ನಿಕೆಲೋಡಿಯನ್‌ನಲ್ಲಿ ಬಂತು. ಮೂರು ಭಾಗ, 61 ಕಂತು. ಮಕ್ಕಳ ಕಾರ್ಟೂನ್ ಅಂತ ಮಕ್ಕಳನ್ನು ಕೂರಿಸಿ ಅಡುಗೆಮನೆಗೆ ಹೋದ ಎಷ್ಟೋ ಅಪ್ಪ ಅಮ್ಮಂದಿರು ಮೂರನೇ ಕಂತಿನ ಹೊತ್ತಿಗೆ ತಾವೂ ಬಂದು ಕೂತಿರುತ್ತಾರೆ.

ಪ್ರಕರಣ ಬರೆಯುವಾಗ ಹೆಸರು ಹಾಕಬಾರದು ಅನ್ನುವ ಅಭ್ಯಾಸ ನನಗೆ ಎಷ್ಟು ಅಂಟಿಕೊಂಡಿದೆ ಅಂದರೆ, ಇಲ್ಲಿಯೂ ಹಾಕುವುದಿಲ್ಲ. ಅಜ್ಜ, ಅಪ್ಪ, ಅಮ್ಮ, ದೊಡ್ಡಪ್ಪ, ಅಣ್ಣ, ತಂಗಿ, ಅಷ್ಟೇ. ಸರಣಿ ನೋಡಿದವರಿಗೆ ಯಾರು ಯಾರು ಅಂತ ಕೂಡಲೇ ಗೊತ್ತಾಗುತ್ತದೆ. ನೋಡದವರಿಗೆ ಹೆಸರಿನ ಅಗತ್ಯವೂ ಇಲ್ಲ. ಇದರಲ್ಲಿ ಒಂದು ಲಾಭವೂ ಇದೆ. ಇಂಗ್ಲಿಷಿನಲ್ಲಿ ಆ ಮನುಷ್ಯ ಬರೀ 'ಅಂಕಲ್'. ಕನ್ನಡದಲ್ಲಿ 'ದೊಡ್ಡಪ್ಪ' ಅಂದ ತಕ್ಷಣ ಗದ್ದುಗೆ ನ್ಯಾಯವಾಗಿ ಯಾರಿಗೆ ಸೇರಬೇಕಿತ್ತು ಅನ್ನುವುದೂ ಹೇಳಿದಂತಾಯಿತು.

ಮನೆ ಮತ್ತು ಮನೆಯವರು

ಬೆಂಕಿಯ ವಿದ್ಯೆ ಗೊತ್ತಿರುವವರ ದೇಶ. ನೂರು ವರ್ಷದಿಂದ ಉಳಿದ ದೇಶಗಳ ಮೇಲೆ ಯುದ್ಧ ಮಾಡುತ್ತಿದೆ. ಗದ್ದುಗೆಯ ಮೇಲೆ ಅಜ್ಜ ಇದ್ದಾನೆ. ಅವನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಹೆಸರಾಂತ ಸೇನಾಪತಿ, ಮುಂದಿನ ದೊರೆ. ಅವನಿಗೊಬ್ಬ ಬೆಳೆದ ಮಗ. ಕಿರಿಯವನು ನಮ್ಮ ಪ್ರಕರಣದ ಅಪ್ಪ. ಅರಮನೆಯಲ್ಲೇ ಇರುತ್ತಾನೆ, ಅಧಿಕಾರದ ಹಸಿವಿದೆ, ಸರದಿ ಇಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುವ ಗಾದೆ ಈ ಮನೆಯಲ್ಲಿ ಒಂದು ತಲೆಮಾರು ಮೊದಲೇ ಕೆಲಸ ಶುರು ಮಾಡಿತ್ತು.

ಈ ಅಪ್ಪನಿಗೆ ಇಬ್ಬರು ಮಕ್ಕಳು. ಮೊದಲು ಮಗ, ಎರಡು ವರ್ಷದ ನಂತರ ಮಗಳು. ಮಗಳಿಗೆ ಅಜ್ಜನ ಹೆಸರನ್ನೇ ಸ್ವಲ್ಪ ತಿದ್ದಿ ಇಟ್ಟಿದ್ದಾರೆ. ಅವಳಿಗೆ ವಿದ್ಯೆ ಸಲೀಸಾಗಿ ಹತ್ತಿತು. ಮಗನಿಗೆ ಹತ್ತಲಿಲ್ಲ. ತಂಗಿ ಹುಟ್ಟಿದ್ದೇ ಅದೃಷ್ಟ ತಗೊಂಡು, ನೀನು ಹುಟ್ಟಿದ್ದೇ ನಿನ್ನ ಅದೃಷ್ಟ ಅಂತ ಅಪ್ಪ ಹೇಳುತ್ತಿದ್ದನಂತೆ. ಇದನ್ನು ಹುಡುಗ ಹದಿನಾರನೇ ವಯಸ್ಸಿನಲ್ಲಿ, ಹಿಮದ ಗುಹೆಯೊಳಗೆ, ಪ್ರಜ್ಞೆ ತಪ್ಪಿ ಬಿದ್ದಿದ್ದ ಶತ್ರುವಿನ ಮುಂದೆ ಹೇಳಿಕೊಳ್ಳುತ್ತಾನೆ. ಎಚ್ಚರ ಇರುವವರ ಮುಂದೆ ಹೇಳುವ ಮಾತಲ್ಲ ನೋಡಿ ಅದು.

ತಾನೇ ಎರಡನೆಯವನಾಗಿ ಮೂಲೆಗೆ ಬಿದ್ದಿದ್ದ ಅಪ್ಪ, ಎರಡನೆಯ ಮಗುವನ್ನು ತನ್ನದು ಅಂತ ಆರಿಸಿಕೊಂಡ. ಇದು ನನ್ನ ಊಹೆ. ಸರಣಿ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ನಿಜವಾದ ಮನೆಗಳಲ್ಲೂ ಮುದ್ದಿನ ಮಗು ಯಾರು ಅಂತ ತೀರ್ಮಾನವಾಗುವುದು ಎಷ್ಟೋ ಸಲ ಮಗು ಹುಟ್ಟುವುದಕ್ಕೆ ಇಪ್ಪತ್ತು ಮೂವತ್ತು ವರ್ಷ ಮೊದಲು.

ಅಮ್ಮ ಮಗನ ಕಡೆ. ಅಂಗಳದ ಕೊಳದ ಹತ್ತಿರ ಇಬ್ಬರೂ ಕೂತು ಆಮೆ-ಬಾತುಕೋಳಿಗಳಿಗೆ ರೊಟ್ಟಿ ಹಾಕುವ ಒಂದು ದೃಶ್ಯವಿದೆ. ಈ ಲೋಕದಲ್ಲಿ ಹೆಚ್ಚಿನ ಪ್ರಾಣಿಗಳು ಹೀಗೆ ಎರಡೆರಡು ಸೇರಿ ಹುಟ್ಟುತ್ತವೆ. ತಂಗಿ ಇವುಗಳಿಗೆ ತಿನ್ನಿಸುವುದು ಹೇಗೆ ಗೊತ್ತಾ ಅಂತ ಹುಡುಗ ಇಡೀ ರೊಟ್ಟಿಯನ್ನು ಮರಿಯ ಮೇಲೆ ಎಸೆಯುತ್ತಾನೆ. ತಾಯಿ ಬಾತು ಬಂದು ಅವನ ಕಾಲು ಕಚ್ಚುತ್ತದೆ. ಅಮ್ಮಂದಿರು ಇರುವುದೇ ಹಾಗೆ, ಮರಿಗಳ ತಂಟೆಗೆ ಹೋದರೆ ಕಚ್ಚುತ್ತಾರೆ ಅನ್ನುತ್ತಾಳೆ ಅಮ್ಮ, ನಗುತ್ತಾ. ತುಂಬ ಚಂದದ ದೃಶ್ಯ. ನಾನು ಮೊದಲ ಸಲ ನೋಡಿದಾಗ ಒಂದು ಗಮನಿಸಿರಲಿಲ್ಲ. ತಂಗಿ ಆ ಕೊಳದ ಹತ್ತಿರ ಇಲ್ಲ. ಅವಳು ಬರುವುದು ಅಣ್ಣನ ಬಾಯಲ್ಲಿ, ಕೆಟ್ಟದ್ದು ಮಾಡುವವಳು ಅಂತ.

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅನ್ನುತ್ತೇವಲ್ಲ. ಈ ಮನೆಯಲ್ಲಿ ಇಬ್ಬರು ಹಚ್ಚುವವರಿದ್ದರು. ಅಪ್ಪ ಯಾವ ಕಣ್ಣಿಗೆ ಬೆಣ್ಣೆ ಹಚ್ಚಿದನೋ ಅದರ ಕಡೆ ಅಮ್ಮ ಹೋಗಲೇ ಇಲ್ಲ.

ಚಾಕು ಮತ್ತು ಗೊಂಬೆ

ಪ್ರಕರಣದ ಬೇರು ನನ್ನ ಮಟ್ಟಿಗೆ ಒಂದು ಪಾರ್ಸೆಲ್‌ನಲ್ಲಿದೆ. ದೊಡ್ಡಪ್ಪ ದೂರದ ಕೋಟೆಯೊಂದಕ್ಕೆ ಮುತ್ತಿಗೆ ಹಾಕಿ ಕೂತಿದ್ದಾನೆ. ಅಲ್ಲಿಂದ ಪತ್ರ ಬರೆದು ಮಕ್ಕಳಿಗೆ ಉಡುಗೊರೆ ಕಳಿಸುತ್ತಾನೆ. ಅಣ್ಣನಿಗೆ ಮುತ್ತಿನ ಹಿಡಿಯ ಒಂದು ಚಾಕು. ಶರಣಾದ ಶತ್ರು ಸೇನಾಪತಿ ಕೊಟ್ಟದ್ದು. ಅದರ ಮೇಲೆ, ಹೋರಾಡದೆ ಸೋಲಬೇಡ ಅನ್ನುವ ಅರ್ಥದ ಬರಹ. ಶರಣಾದವನ ಚಾಕುವಿನ ಮೇಲೆ ಈ ಮಾತು! ಅದರ ಇನ್ನೊಂದು ಬದಿಯಲ್ಲಿ ಯಾವ ದೇಶದಲ್ಲಿ ತಯಾರಾದದ್ದು ಅಂತ ಬರೆದಿದೆ. ಬರೆದವರ ಹಾಸ್ಯಪ್ರಜ್ಞೆಗೆ ಒಂದು ನಮಸ್ಕಾರ.

ತಂಗಿಗೆ ಒಂದು ಗೊಂಬೆ. ಆ ಊರಿನ ಹೆಣ್ಣುಮಕ್ಕಳ ಹೊಸ ಫ್ಯಾಷನ್ನಿನ ಬಟ್ಟೆ ಹಾಕಿದ ಗೊಂಬೆ.

ಅವಳು ಅದನ್ನು ಒಂದು ಕ್ಷಣ ನೋಡುತ್ತಾಳೆ. ಆಮೇಲೆ ಸುಟ್ಟು ಹಾಕುತ್ತಾಳೆ.

ಇದನ್ನು ನೋಡಿದ ಹೆಚ್ಚಿನವರು, ನೋಡಿ ಆಗಲೇ ಎಂಥ ಮಗು ಅದು ಅನ್ನುತ್ತಾರೆ. ನನಗೆ ಕಾಣುವುದು ಬೇರೆ. ದೊಡ್ಡಪ್ಪ ಈ ಇಡೀ ಸರಣಿಯ ಅತ್ಯಂತ ತಿಳಿದ ಮನುಷ್ಯ. ಚಹಾ ಕುಡಿಸಿ ಕಳ್ಳನನ್ನೂ ದಾರಿಗೆ ತರುವವನು. ಅಣ್ಣನಿಗೆ ಏನು ಬೇಕು ಅಂತ ಸಾವಿರ ಮೈಲಿ ದೂರದಿಂದ ಅವನಿಗೆ ಗೊತ್ತಾಯಿತು. ತಂಗಿಯ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ಅವಳು ಹುಡುಗಿ ಅನ್ನುವುದೊಂದೇ. ಗೊಂಬೆ ಸುಟ್ಟದ್ದು ತಪ್ಪು. ಆದರೆ ಆ ಮನೆಯಲ್ಲಿ ಬೆಂಕಿಯ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದಿದ್ದ ಮಗುವಿಗೆ ಯಾರೋ ಬಟ್ಟೆ ತೊಡಿಸಿ ಆಡು ಅಂತ ಗೊಂಬೆ ಕಳಿಸಿದ್ದೂ ಒಂದು ಪತ್ರವೇ ಅಲ್ವಾ?

ಅದೇ ಹೊತ್ತಿಗೆ ತಂಗಿ ಇನ್ನೊಂದು ಮಾತು ಹೇಳುತ್ತಾಳೆ. ದೊಡ್ಡಪ್ಪ ಯುದ್ಧದಿಂದ ವಾಪಸ್ ಬರದಿದ್ದರೆ ಅಪ್ಪನೇ ಮುಂದಿನ ದೊರೆ ಅಂತ. ಹಾಗೆಲ್ಲ ಮಾತಾಡಬಾರದು ಅಂತ ಅಮ್ಮ ಗದರುತ್ತಾಳೆ. ಸ್ವಲ್ಪ ದಿನದ ಮೇಲೆ ಸುದ್ದಿ ಬರುತ್ತದೆ. ದೊಡ್ಡಪ್ಪನ ಮಗ ಯುದ್ಧದಲ್ಲಿ ಸತ್ತಿದ್ದಾನೆ. 600 ದಿನದ ಮುತ್ತಿಗೆ ಬಿಟ್ಟು ದೊಡ್ಡಪ್ಪ ಮನೆಗೆ ಬರುತ್ತಿದ್ದಾನೆ. ಅಜ್ಜನ ಜಾಗಕ್ಕೂ ಬೇಗ ಯಾರಾದರೂ ಬರಬಹುದು ಅಂತ ತಂಗಿ ಅಂದುಬಿಡುತ್ತಾಳೆ. ಅಮ್ಮ ಮತ್ತೆ ಗದರುತ್ತಾಳೆ. ಮಗಳು ಆಚೆ ಹೋದ ಮೇಲೆ, ಏನಾಗಿದೆ ಈ ಮಗುವಿಗೆ ಅಂತ ತನಗೆ ತಾನೇ ಹೇಳಿಕೊಳ್ಳುತ್ತಾಳೆ.

ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಮಗು ಹೋದ ಮೇಲೆ ಕೇಳಿದಳು, ಉತ್ತರಕ್ಕೂ ಕಾಯಲಿಲ್ಲ. ಎಂಟೊಂಬತ್ತು ವರ್ಷದ ಮಗುವಿಗೆ ವಾರಸುದಾರಿಕೆಯ ಲೆಕ್ಕ ತಾನಾಗಿ ಹೊಳೆಯುವುದಿಲ್ಲ. ಯಾರದ್ದೋ ಮಾತು ಅವಳ ಬಾಯಲ್ಲಿ ಬರುತ್ತಿತ್ತು. ಯಾರದ್ದು ಅಂತ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗದರಿಸಿಕೊಂಡವಳು ಮಾತ್ರ ಅವಳು.

ಅಜ್ಜನ ಮುಂದೆ ಪರೀಕ್ಷೆ

ಆಮೇಲಿನದು ಒಂದು ಸಂಜೆಯ ಕಥೆ. ಅಪ್ಪ ಇಡೀ ಸಂಸಾರವನ್ನು ಅಜ್ಜನ ಮುಂದೆ ಮಂಡಿಯೂರಿ ಕೂರಿಸುತ್ತಾನೆ. ಮುತ್ತಜ್ಜ ಗೆದ್ದ ಒಂದು ಯುದ್ಧದ ಬಗ್ಗೆ ಮಗನಿಗೆ ಪ್ರಶ್ನೆ ಹಾಕುತ್ತಾನೆ. ಹುಡುಗ ತಡವರಿಸುತ್ತಾನೆ. ತಂಗಿ ಪಟಪಟ ಅಂತ ಉತ್ತರ ಹೇಳುತ್ತಾಳೆ. ಸೈನಿಕರು ಕಡಿಮೆ, ಆದರೆ ಗಾಳಿ ಶತ್ರುವಿನ ಕಡೆ ಬೀಸುತ್ತಿತ್ತು, ಬರಗಾಲ ಬೇರೆ, ಹಾಗಾಗಿ ಸುಟ್ಟರು. ಅಪ್ಪ ಮೆಚ್ಚಿ, ಹೊಸದಾಗಿ ಕಲಿತದ್ದನ್ನು ಅಜ್ಜನಿಗೆ ತೋರಿಸು ಅನ್ನುತ್ತಾನೆ. ಅವಳು ಚೂರೂ ತಪ್ಪಿಲ್ಲದೆ ತೋರಿಸಿ ಬಂದು ಕೂತು, ನೀನು ಯಾವತ್ತೂ ನನ್ನ ಸಮ ಬರಲ್ಲ ಅಂತ ಅಣ್ಣನ ಕಿವಿಗೆ ಬೀಳುವ ಹಾಗೆ ಹೇಳುತ್ತಾಳೆ. ಹುಡುಗ ಎದ್ದು ತಾನೂ ತೋರಿಸುತ್ತೇನೆ ಅನ್ನುತ್ತಾನೆ. ಬೀಳುತ್ತಾನೆ. ಮತ್ತೆ ಏಳುತ್ತಾನೆ. ಮತ್ತೆ ಬೀಳುತ್ತಾನೆ.

ಅಮ್ಮ ಓಡಿ ಹೋಗಿ ಅವನ ಪಕ್ಕ ಕೂರುತ್ತಾಳೆ. ನೀನು ಮಾಡಿದ್ದು ನೋಡೋಕೆ ನನಗೆ ತುಂಬ ಇಷ್ಟವಾಯಿತು, ಕಷ್ಟವಾದರೂ ಬಿಡದವನು ನೀನು ಅನ್ನುತ್ತಾಳೆ. ಈ ಒಂದು ಮಾತು ಮುಂದೆ ಹುಡುಗನನ್ನು ಉಳಿಸುತ್ತದೆ. ಇದರಲ್ಲಿ ನನಗೆ ಅನುಮಾನ ಇಲ್ಲ.

ಆದರೆ ಅದೇ ಸಭೆಯಲ್ಲಿ ತಪ್ಪಿಲ್ಲದೆ ಮಾಡಿದ ಮಗಳಿಗೆ ಅಮ್ಮನಿಂದ ಸಿಕ್ಕಿದ್ದು ಏನೂ ಇಲ್ಲ. ಚೆನ್ನಾಗಿ ಓದುವ ಮಗುವಿಗೆ ಯಾರೂ ಏನೂ ಹೇಳುವುದಿಲ್ಲವಲ್ಲ, ಹಾಗೆ. ಅದಕ್ಕೇನು, ಅವಳು ಮಾಡ್ಕೋತಾಳೆ ಬಿಡಿ. ಈ ವಾಕ್ಯವನ್ನು ನಾನು ನಿಜವಾದ ಮನೆಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಆ ರಾತ್ರಿ ಬೇಗ ಮುಗಿಸುತ್ತೇನೆ. ದೊಡ್ಡಪ್ಪನ ಹಕ್ಕನ್ನು ತನಗೆ ಕೊಡು ಅಂತ ಅಪ್ಪ ಅಜ್ಜನನ್ನು ಕೇಳುತ್ತಾನೆ. ಅಜ್ಜ ಸಿಟ್ಟಾಗಿ, ಹಿರಿಮಗನನ್ನು ಕಳೆದುಕೊಳ್ಳುವ ನೋವು ನಿನಗೂ ಗೊತ್ತಾಗಲಿ ಅನ್ನುತ್ತಾನೆ. ಪರದೆಯ ಹಿಂದೆ ಅಡಗಿ ಕೇಳಿಸಿಕೊಂಡ ತಂಗಿ ಅಣ್ಣನ ಕೋಣೆಗೆ ಹೋಗಿ, ಅಪ್ಪ ನಿನ್ನನ್ನು ಕೊಲ್ಲುತ್ತಾನೆ ಅಂತ ಹಾಡಿನ ಹಾಗೆ ಹೇಳುತ್ತಾಳೆ. ತಂಗಿ ಯಾವಾಗಲೂ ಸುಳ್ಳು ಹೇಳ್ತಾಳೆ, ಯಾವಾಗಲೂ ಸುಳ್ಳು ಹೇಳ್ತಾಳೆ ಅಂತ ಅವನು ಹಾಸಿಗೆಯಲ್ಲಿ ಜಪ ಮಾಡುತ್ತಾನೆ. ಅವತ್ತು ಅವಳು ಸುಳ್ಳು ಹೇಳಿರಲಿಲ್ಲ. ನಡುರಾತ್ರಿ ಅಮ್ಮ ಬಂದು ಮಗನನ್ನು ಅಪ್ಪಿಕೊಂಡು, ನೀನು ಯಾರು ಅನ್ನುವುದನ್ನು ಮರೆಯಬೇಡ ಅಂತ ಹೇಳಿ ಹೋಗುತ್ತಾಳೆ. ಬೆಳಗಾದರೆ ಅಜ್ಜ ಸತ್ತಿದ್ದಾನೆ, ಅಮ್ಮ ಇಲ್ಲ, ಅಪ್ಪ ದೊರೆ.

ಅಮ್ಮ ಮಗಳ ಕೋಣೆಗೂ ಹೋಗಿದ್ದಳಾ? ಸರಣಿ ತೋರಿಸುವುದಿಲ್ಲ. ಬೆಳಗ್ಗೆ ತೋರಿಸುವುದು, ತಂಗಿಯ ಕೈಯಲ್ಲಿ ಅಣ್ಣನ ಆ ಚಾಕು.

ಯಾರು ಏನು ಮಾಡಿದರು

ಅಪ್ಪ ಮಾಡಿದ್ದು ಎಲ್ಲರಿಗೂ ಗೊತ್ತಿರುವ ಭಾಗ. ಮಗನಿಗೆ 13 ವರ್ಷ. ಯುದ್ಧಸಭೆಯಲ್ಲಿ ಒಬ್ಬ ಸೇನಾಪತಿ ಹೊಸ ಹುಡುಗರ ಪಡೆಯನ್ನು ಬಲಿ ಕೊಡುವ ಉಪಾಯ ಹೇಳುತ್ತಾನೆ. ಹುಡುಗ ಎದ್ದು ತಪ್ಪು ಅನ್ನುತ್ತಾನೆ. ಶಿಕ್ಷೆಗೆ ದ್ವಂದ್ವ ಯುದ್ಧ. ಅದರ ಹೆಸರು 'ಅಗ್ನಿ ಕೈ'. ಕನ್ನಡದ ಕಿವಿಗೆ ಬೇರೆ ವಿವರಣೆಯೇ ಬೇಡ. ಎದುರಿಗೆ ಬಂದವನು ಆ ಸೇನಾಪತಿ ಅಲ್ಲ, ಅಪ್ಪ. ಮಗ ಮಂಡಿಯೂರಿ ಕ್ಷಮೆ ಕೇಳುತ್ತಾನೆ. ಅಪ್ಪ ಅವನ ಮುಖದ ಎಡಭಾಗ ಸುಟ್ಟು, ಬೆಂಕಿ, ನೀರು, ಗಾಳಿ, ಮಣ್ಣು ನಾಲ್ಕರ ವಿದ್ಯೆಯೂ ಒಲಿಯುವ, ನೂರು ವರ್ಷದಿಂದ ಯಾರಿಗೂ ಕಾಣದ ಅವತಾರನನ್ನು ಹಿಡಿದು ತಂದರೆ ಮಾತ್ರ ಮನೆಗೆ ಬಾ ಅಂತ ಓಡಿಸುತ್ತಾನೆ. ಆ ಕ್ಷಣ ದೊಡ್ಡಪ್ಪ ಮುಖ ತಿರುಗಿಸುತ್ತಾನೆ. ಪಕ್ಕದಲ್ಲಿ 11 ವರ್ಷದ ತಂಗಿ ಮುಷ್ಟಿ ಬಿಗಿದು ನಗುತ್ತಾ ನೋಡುತ್ತಾಳೆ.

ಆ ನಗುವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಒಂದು ಯೋಚಿಸಿ. ಅಪ್ಪನ ಎದುರು ಸೋತರೆ ಏನಾಗುತ್ತದೆ ಅಂತ ಅವತ್ತು ಅವಳೂ ಕಣ್ಣಾರೆ ಕಂಡಳು.

ದೊಡ್ಡಪ್ಪ ಮಾಡಿದ್ದು ಈ ಪ್ರಕರಣದ ದೊಡ್ಡ ಒಳ್ಳೆಯ ಕೆಲಸ. ಯಾರೂ ಕೇಳದಿದ್ದರೂ ಹುಡುಗನ ಜೊತೆ ಹಡಗು ಹತ್ತಿದ. ಮೂರು ವರ್ಷ ಅವನ ಕೂಗಾಟ ಕೇಳಿಸಿಕೊಂಡ. ಉಪದೇಶ ಕಮ್ಮಿ, ಚಹಾ ಜಾಸ್ತಿ. ಮಗನನ್ನು ಕಳೆದುಕೊಂಡವನು, ನಿನ್ನನ್ನು ನನ್ನ ಮಗ ಅಂತಲೇ ತಿಳಿದಿದ್ದೇನೆ ಅಂತ ಹೇಳಿಯೂ ಹೇಳಿದ. ಇದು ಒಂದೇ ಸಲಕ್ಕೆ ಫಲ ಕೊಡಲಿಲ್ಲ. ಎರಡನೇ ಭಾಗದ ಕೊನೆಗೆ ಹುಡುಗ ದೊಡ್ಡಪ್ಪನನ್ನೇ ಬಿಟ್ಟು ತಂಗಿಯ ಪಕ್ಷ ಸೇರಿಕೊಂಡ. ದೊಡ್ಡಪ್ಪ ಜೈಲಿಗೆ ಹೋದ. ಇಲ್ಲಿ ಕೈಚೆಲ್ಲುವವರು ತುಂಬ ಜನ. ಇಷ್ಟೆಲ್ಲ ಮಾಡಿದರೂ ಹೀಗೆ ಮಾಡಿದನಲ್ಲ ಅಂತ. ದೊಡ್ಡಪ್ಪ ಕೈಚೆಲ್ಲಲಿಲ್ಲ.

ತಂಗಿಯ ವಿಷಯದಲ್ಲಿ ಅದೇ ದೊಡ್ಡಪ್ಪ ಏನು ಮಾಡಿದ? ಅಣ್ಣ ಒಂದು ಸಲ ತಾನೇ ಬಾಯಿಬಿಡುತ್ತಾನೆ. ನೀವು ಏನು ಹೇಳ್ತೀರಿ ಗೊತ್ತು, ಅವಳು ನನ್ನ ತಂಗಿ, ಹೊಂದಿಕೊಂಡು ಹೋಗಬೇಕು ಅಂತ. ಇಲ್ಲ, ಅವಳಿಗೆ ಹುಚ್ಚು, ಅವಳನ್ನು ಸೋಲಿಸಲೇಬೇಕು ಅನ್ನುತ್ತಾನೆ ದೊಡ್ಡಪ್ಪ. ಆ ಹೊತ್ತಿಗೆ ಅವಳು ಅವನನ್ನು ಗಾಯಗೊಳಿಸಿದ್ದಳು, ಹಾಗಾಗಿ ಸಿಟ್ಟು ಸಹಜ. ನೋಡುವವರು ನಗುತ್ತಾರೆ, ನಾನೂ ನಕ್ಕಿದ್ದೆ. ಎರಡನೇ ಸಲ ನೋಡುವಾಗ ನಗು ಬರಲಿಲ್ಲ. ಅವಳಿಗೆ ಆಗ 14. ಇಡೀ ಮನೆಯಲ್ಲಿ ಮಕ್ಕಳನ್ನು ಓದಬಲ್ಲ ಒಬ್ಬನೇ ಹಿರಿಯ ಅವಳ ಫೈಲ್ ಮುಚ್ಚಿಬಿಟ್ಟ.

ತಿರುವುಗಳು

ಅಣ್ಣನ ತಿರುವು ಒಂದು ವಿಚಿತ್ರ ಜಾಗದಲ್ಲಿ ಬರುತ್ತದೆ. ಕೇಳಿದ್ದೆಲ್ಲ ಸಿಕ್ಕಿದ ಮೇಲೆ. ಮೂರನೇ ಭಾಗದಲ್ಲಿ ಅವನು ಅರಮನೆಗೆ ವಾಪಸ್ ಬಂದಿದ್ದಾನೆ. ಅವತಾರನನ್ನು ಕೊಂದವನು ಅಣ್ಣನೇ ಅಂತ ತಂಗಿ ಅಪ್ಪನಿಗೆ ಹೇಳಿದ್ದಾಳೆ. ಅಕಸ್ಮಾತ್ ಅವತಾರ ಬದುಕಿದ್ದರೆ ತಲೆ ಹೋಗುವುದು ಅಣ್ಣನದ್ದು. ಮೆಚ್ಚುಗೆಯನ್ನೂ ಬಲೆಯಾಗಿ ಹೆಣೆಯುವುದು ಅವಳು ಆ ಮನೆಯಲ್ಲೇ ಕಲಿತ ವಿದ್ಯೆ. ಅಪ್ಪ ಕೊನೆಗೂ ಹೆಮ್ಮೆಪಟ್ಟಿದ್ದಾನೆ, ಹುಡುಗನಿಗೆ ಮಾತ್ರ ಸಿಟ್ಟು ಕಡಿಮೆಯಾಗಿಲ್ಲ.

ಸಮುದ್ರದ ಪಕ್ಕದ ಹಳೆಯ ಬೇಸಿಗೆ ಮನೆಗೆ ಮಕ್ಕಳು ಹೋಗುವ ಒಂದು ಕಂತಿದೆ. ರಾತ್ರಿ ಖಾಲಿ ಮನೆಯ ಮೆಟ್ಟಿಲ ಮೇಲೆ ಅಣ್ಣ ಒಬ್ಬನೇ ಕೂತಿರುತ್ತಾನೆ. ತಂಗಿ ಹುಡುಕಿಕೊಂಡು ಬರುತ್ತಾಳೆ. ಇಲ್ಲೇ ಇರ್ತೀಯ ಅಂತ ಗೊತ್ತಿತ್ತು, ಬಾ, ಇಲ್ಲಿದ್ದರೆ ಬೇಜಾರಾಗುತ್ತೆ ಅನ್ನುತ್ತಾಳೆ. ಅಷ್ಟೇ. ಅಣ್ಣ-ತಂಗಿ ಹಾಗೆ ಸುಮ್ನೆ ಮಾತಾಡುವುದನ್ನು 61 ಕಂತಿನಲ್ಲಿ ಬೇರೆಲ್ಲೂ ನೋಡಿದ ನೆನಪಿಲ್ಲ. ಆಮೇಲೆ ದಡದಲ್ಲಿ ಬೆಂಕಿ ಹಾಕಿ ನಾಲ್ಕು ಮಕ್ಕಳು ಕೂರುತ್ತಾರೆ. ಅಣ್ಣ ಮನೆಯಿಂದ ತಂದ ಸಂಸಾರದ ಚಿತ್ರಪಟವನ್ನೇ ಬೆಂಕಿಗೆ ಹಾಕುತ್ತಾನೆ. ಒಬ್ಬ ಗೆಳತಿ, ನೋಡೋಕೆ ಒಂದೇ ಥರ ಇರುವ ಏಳು ಅಕ್ಕತಂಗಿಯರಲ್ಲಿ ಒಬ್ಬಳಾಗಿ ಹುಟ್ಟಿ, ತನ್ನದು ಅಂತ ಏನೂ ಇಲ್ಲದೆ ಸರ್ಕಸ್ಸಿಗೆ ಓಡಿಹೋದ ಕಥೆ ಹೇಳುತ್ತಾಳೆ. ಇನ್ನೊಬ್ಬಳು, ಸುಮ್ಮನೆ ಕೂತಿದ್ದರೆ ಕೇಳಿದ್ದೆಲ್ಲ ಸಿಗುತ್ತಿದ್ದ ಬಾಲ್ಯದ ಕಥೆ. ಅಣ್ಣ ತನ್ನ ಸಿಟ್ಟು ಯಾರ ಮೇಲೆ ಅಂತ ಹುಡುಕಿ ಹುಡುಕಿ, ನನ್ನ ಮೇಲೇ ಅನ್ನುತ್ತಾನೆ.

ತಂಗಿಯ ಸರದಿ ಕೊನೆಗೆ ಬರುತ್ತದೆ. ನನ್ನ ಹೆತ್ತ ಅಮ್ಮನೇ ನಾನು ರಾಕ್ಷಸಿ ಅಂದುಕೊಂಡಿದ್ದಳು ಅನ್ನುತ್ತಾಳೆ. ಸ್ವಲ್ಪ ತಡೆದು, ಅವಳು ಅಂದುಕೊಂಡಿದ್ದು ಸರಿಯೇ, ಆದರೂ ನೋವಾಯಿತು ಅನ್ನುತ್ತಾಳೆ.

ಯಾರೂ ಏನೂ ಹೇಳುವುದಿಲ್ಲ. ಎಲ್ಲರೂ ಎದ್ದು, ಸಂಜೆ ಅಣ್ಣನನ್ನು ಆಚೆ ಹಾಕಿದ ಹುಡುಗನ ಪಾರ್ಟಿ ಹಾಳು ಮಾಡೋಕೆ ಹೋಗುತ್ತಾರೆ. ನನ್ನ ಪ್ರಕಾರ ಈ ಪ್ರಕರಣದಲ್ಲಿ ಕೈತಪ್ಪಿದ ದೊಡ್ಡ ಅವಕಾಶ ಇದು. ಬಾಗಿಲು ಅರ್ಧ ಇಂಚು ತೆರೆದಿತ್ತು. ಅಲ್ಲಿ ಒಬ್ಬ ದೊಡ್ಡವರು ಇರಲಿಲ್ಲ.

ಅದಾದ ಮೇಲೆ ಅಣ್ಣ ಗ್ರಹಣದ ದಿನ ಅಪ್ಪನ ಎದುರು ನಿಂತು, ಹದಿಮೂರರ ಹುಡುಗನಿಗೆ ನೀನು ಮಾಡಿದ್ದು ಕ್ರೂರ ಅಂತ ನೇರವಾಗಿ ಹೇಳಿ ಮನೆ ಬಿಡುತ್ತಾನೆ. ಆಚೆ ಹೋಗೋಕೆ ಅವನಿಗೆ ಒಂದು ಜಾಗ ಇತ್ತು. ದೊಡ್ಡಪ್ಪನನ್ನು ಮತ್ತೆ ಕಂಡಾಗ ಕ್ಷಮೆ ಕೇಳಲು ಬಾಯಿ ತೆರೆಯುತ್ತಾನೆ, ದೊಡ್ಡಪ್ಪ ಎಳೆದು ಅಪ್ಪಿಕೊಂಡೇ ಬಿಡುತ್ತಾನೆ. ನೀನೇ ಹೋಗಿ ಅಪ್ಪನನ್ನು ಸೋಲಿಸಬಾರದಾ ಅಂತ ಕೇಳಿದಾಗ ದೊಡ್ಡಪ್ಪ ಒಪ್ಪುವುದಿಲ್ಲ. ಅಧಿಕಾರಕ್ಕೆ ಅಣ್ಣನೊಬ್ಬ ತಮ್ಮನನ್ನು ಕೊಂದ ಅಂತಲೇ ಚರಿತ್ರೆ ಬರೆಯುತ್ತದೆ ಅನ್ನುತ್ತಾನೆ. ಆದರೆ ಅದೇ ಉಸಿರಿನಲ್ಲಿ ಹುಡುಗನನ್ನು ತಂಗಿಯ ಮೇಲೆ ಯುದ್ಧಕ್ಕೆ ಕಳಿಸುತ್ತಾನೆ. ತನ್ನ ತಲೆಮಾರಿಗೆ ಬೇಡ ಅಂದದ್ದನ್ನು ಮುಂದಿನ ತಲೆಮಾರಿಗೆ ಕೊಟ್ಟ. ಈ ವಿರೋಧ ಯಾರ ಗಮನಕ್ಕೂ ಬರುವುದಿಲ್ಲ. ಯಾಕಂದರೆ ಆ ಹೊತ್ತಿಗೆ ತಂಗಿ ಮನೆಯ ಮಗಳಾಗಿ ಉಳಿದಿರಲಿಲ್ಲ. ಬರೀ ಶತ್ರು.

ತಂಗಿಯ ತಿರುವು ಬೇರೆ. ಮೊದಲು ಇಬ್ಬರೂ ಗೆಳತಿಯರು ಒಂದೇ ದಿನ ತಿರುಗಿ ಬೀಳುತ್ತಾರೆ. ಆಮೇಲೆ ಅಪ್ಪ. ಧೂಮಕೇತು ಬರುವ ದಿನ ಶತ್ರು ದೇಶವನ್ನು ಪೂರ್ತಿ ಸುಡುವ ಉಪಾಯ ಹೇಳಿಕೊಟ್ಟವಳೇ ಅವಳು. ಜೊತೆಗೆ ಹೋಗುತ್ತೇವೆ ಅಂತ ಬಂದರೆ, ನಾನೊಬ್ಬನೇ ಹೋಗ್ತೀನಿ, ನೀನು ಇಲ್ಲೇ ಇರು ಅನ್ನುತ್ತಾನೆ ಅಪ್ಪ. ನನ್ನನ್ನು ಹೀಗೆ ನಡೆಸಿಕೊಳ್ಳೋ ಹಾಗಿಲ್ಲ, ನಾನೇನು ಅಣ್ಣನಾ ಅಂತ ಅವಳು ಚೀರುತ್ತಾಳೆ.

ಈ ಒಂದು ಮಾತಿಗಾಗಿಯೇ ನಾನು ಈ ಪ್ರಕರಣ ಹೇಳುವುದು. ಬೆಣ್ಣೆ ಬಿದ್ದ ಕಣ್ಣಿಗೂ ಗೊತ್ತಿತ್ತು, ಸುಣ್ಣದ ಡಬ್ಬಿ ಪಕ್ಕದಲ್ಲೇ ಇದೆ ಅಂತ. ಇಷ್ಟು ವರ್ಷ ಓಡಿದ್ದು ಅಪ್ಪನ ಕಡೆಗಲ್ಲ, ಅಣ್ಣನ ಜಾಗದಿಂದ ದೂರಕ್ಕೆ. ಅಪ್ಪ ಅವಳ ಬಾಯಿ ಮುಚ್ಚಿಸಿ, ನೀನೇ ಈ ದೇಶದ ದೊರೆ ಅಂತ ಬಿರುದು ಕೊಡುತ್ತಾನೆ. ಮರುಕ್ಷಣ ತಾನು ಅದಕ್ಕಿಂತ ದೊಡ್ಡ ಬಿರುದು ಇಟ್ಟುಕೊಂಡು ಹೊರಡುತ್ತಾನೆ. ಕೊಟ್ಟ ಉಡುಗೊರೆ ಕೈಗೆ ಬರುವ ಹೊತ್ತಿಗೇ ಹಳತಾಗಿತ್ತು.

ಪಟ್ಟಾಭಿಷೇಕದ ದಿನ ಅವಳು ಒಬ್ಬೊಬ್ಬರನ್ನೇ ಓಡಿಸುತ್ತಾಳೆ. ಹಣ್ಣಿನಲ್ಲಿ ಬೀಜ ಉಳಿಸಿದ ಕೆಲಸದವಳಿಂದ ಶುರು. ಕೊನೆಗೆ ಕನ್ನಡಿಯ ಮುಂದೆ ಒಬ್ಬಳೇ. ಕೂದಲು ಕಟ್ಟೋಕೆ ಬರುವುದಿಲ್ಲ. ಯಾವತ್ತೂ ಬೇರೆಯವರೇ ಕಟ್ಟುತ್ತಿದ್ದರು. ಕತ್ತರಿ ತೆಗೆದುಕೊಂಡು ಕತ್ತರಿಸಿಬಿಡುತ್ತಾಳೆ. ಕನ್ನಡಿಯಲ್ಲಿ ಅಮ್ಮ ಕಾಣುತ್ತಾಳೆ. ಎಷ್ಟು ಚಂದದ ಕೂದಲಿತ್ತು ನಿನಗೆ ಅನ್ನುತ್ತಾಳೆ. ನಿನಗೂ ನನ್ನ ಕಂಡರೆ ಭಯ ಅನ್ನುತ್ತಾಳೆ ಮಗಳು. ಇಲ್ಲ, ನನಗೆ ನಿನ್ನ ಮೇಲೆ ಪ್ರೀತಿ ಇದೆ ಅನ್ನುತ್ತಾಳೆ ಅಮ್ಮ. ಬಾಚಣಿಗೆ ಹಾರಿ ಕನ್ನಡಿ ಚೂರಾಗುತ್ತದೆ.

ಅಲ್ಲಿ ಅಮ್ಮ ಇರಲಿಲ್ಲ. ಆ ಮಾತುಗಳನ್ನು ಹೇಳಿದ್ದು ಅವಳದೇ ಮನಸ್ಸು.

ಆಮೇಲೆ ಅಗ್ನಿ ಕೈ. ಎದುರು ನಿಂತ ಅಣ್ಣ, ಇವಳಿಗೆ ಏನೋ ಆಗಿದೆ, ಹಿಡಿತ ತಪ್ಪುತ್ತಿದೆ ಅಂತ ಜೊತೆಗಿದ್ದವಳಿಗೆ ಹೇಳುತ್ತಾನೆ. ಅವತ್ತು ಆ ಮನೆಯವರಲ್ಲಿ ಅದನ್ನು ಗುರುತಿಸಿದವನು ಅವನೊಬ್ಬನೇ. ಗುರುತಿಸಿದ್ದು ಹಾಗಾದರೆ ಗೆಲ್ಲಬಹುದು ಅನ್ನುವ ಲೆಕ್ಕಕ್ಕೆ. ಕೊನೆಗೆ ತಂಗಿಯನ್ನು ಸರಪಳಿಯಲ್ಲಿ ಕಟ್ಟುತ್ತಾರೆ. ಅವಳು ನೆಲದ ಮೇಲೆ ಹೊರಳಾಡಿ, ನೀಲಿ ಬೆಂಕಿ ಉಗುಳುತ್ತಾ ಅಳುತ್ತಾಳೆ. ಅಣ್ಣ ನೋಡುತ್ತಾ ನಿಲ್ಲುತ್ತಾನೆ. ಗೆದ್ದವನ ಮುಖ ಅಲ್ಲ ಅದು.

ಇನ್ನೊಂದು ಮನೆ

ಪ್ರತಿಭೆ ಹೆಚ್ಚು ಕಡಿಮೆ ಇದ್ದರೆ ಜಗಳ ಆಗಿಯೇ ಆಗುತ್ತದೆ ಅನ್ನುವವರಿಗೆ ಇದೇ ಸರಣಿಯಲ್ಲಿ ಉತ್ತರ ಇದೆ. ದಕ್ಷಿಣ ಧ್ರುವದ ಒಂದು ಬಡ ಮನೆ. ಅಲ್ಲೂ ಅಣ್ಣ, ತಂಗಿ. ಅಲ್ಲೂ ತಂಗಿಗೇ ವಿದ್ಯೆ, ಇಡೀ ಸೀಮೆಗೆ ನೀರಿನ ವಿದ್ಯೆ ಬರುವವಳು ಅವಳೊಬ್ಬಳೇ. ಅಣ್ಣನಿಗೆ ಏನೂ ಬರುವುದಿಲ್ಲ. ಅಮ್ಮ ಯುದ್ಧದಲ್ಲಿ ಸತ್ತಿದ್ದಾಳೆ. ಅಪ್ಪ ಯುದ್ಧಕ್ಕೆ ಹೋಗಿದ್ದಾನೆ. ಅಜ್ಜಿ ಸಾಕಿದ್ದು. ಇಬ್ಬರೂ ದಿನಾ ಕಿತ್ತಾಡುತ್ತಾರೆ. ಅಣ್ಣನಿಗೆ ತಾನು ಕೆಲಸಕ್ಕೆ ಬಾರದವನು ಅನ್ನುವ ಕೊರಗೂ ಇದೆ. ಆದರೆ ದಾಯಾದಿಗಳಾಗುವುದಿಲ್ಲ.

ಅಲ್ಲೂ ಒಂದು ಸಭೆ ಇದೆ. ದಾಳಿಯ ಯೋಜನೆ ಮಾಡಿದ ಅಣ್ಣ ಎಲ್ಲರ ಮುಂದೆ ವಿವರಿಸಲು ನಿಂತು ತೊದಲುತ್ತಾನೆ, ಕಾಗದ ಚೆಲ್ಲಾಪಿಲ್ಲಿ. ಅವನ ಅಪ್ಪ ಎದ್ದು ಬಂದು ಆ ಯೋಜನೆಯನ್ನು ತಾನೇ ವಿವರಿಸುತ್ತಾನೆ. ಬೈಯುವುದಿಲ್ಲ, ತಂಗಿಯನ್ನು ತೋರಿಸಿ ಹೋಲಿಸುವುದಿಲ್ಲ. ಅದೇ ದಿನ ಅಪ್ಪ ಗಾಯಗೊಂಡಾಗ ಪಡೆ ನಡೆಸುವವನು ಅದೇ ಮಗ. ಅಜ್ಜನ ಮುಂದೆ ಬಿದ್ದ ಹುಡುಗನ ಸಭೆಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ಅಮೆರಿಕದಲ್ಲಿ ಅಮಂಡಾ ಕೋವಲ್ ಮತ್ತು ಲಾರಿ ಕ್ರೇಮರ್ 1997ರಲ್ಲಿ ಮಕ್ಕಳನ್ನೇ ಕೂರಿಸಿ ಈ ವಿಷಯ ಕೇಳಿದ್ದರು. ಮನೆಯಲ್ಲಿ ಕಾಣುವ ಭೇದವನ್ನೆಲ್ಲ ಮಕ್ಕಳು ಅನ್ಯಾಯ ಅನ್ನಲಿಲ್ಲ. ಕಾರಣ ಅರ್ಥವಾದರೆ ಒಪ್ಪಿಕೊಂಡಿದ್ದರು. ಧ್ರುವದ ಆ ಮನೆಯಲ್ಲಿ ಕಾರಣ ಕಣ್ಣಿಗೆ ಕಾಣುತ್ತಿತ್ತು. ಅರಮನೆಯಲ್ಲಿ ಕಾರಣ ಅಪ್ಪನ ಹೊಟ್ಟೆಯೊಳಗಿತ್ತು.

ಫೈಲಿನ ಬದಿಯಲ್ಲಿ ಬರೆದುಕೊಂಡದ್ದು

ಈ ಪ್ರಕರಣ ಹೇಳಿದಾಗ ಪೋಷಕರು ಮೊದಲು ಕೇಳುವುದು ಅಣ್ಣನ ಬಗ್ಗೆ. ಅವನದ್ದು ಸುಲಭದ ಉತ್ತರ. ಎಲ್ಲರೂ ಸರಿಯಾಗಬೇಕಿಲ್ಲ, ಒಬ್ಬರು ಬಿಡದೆ ಜೊತೆಗಿದ್ದರೆ ಮಗು ದಡ ಸೇರಬಹುದು. ಅವನಿಗೆ ಇಬ್ಬರು ಸಿಕ್ಕಿದರು, ಮೊದಲು ಅಮ್ಮ, ಆಮೇಲೆ ದೊಡ್ಡಪ್ಪ.

ಕಷ್ಟದ ಪ್ರಶ್ನೆ ತಂಗಿಯದ್ದು. ಮುದ್ದಿನ ಮಗು ಅಂತ ಎಲ್ಲರೂ ಅಂದುಕೊಂಡಿದ್ದರಿಂದ ಅವಳಿಗೆ ಯಾರೂ ಸಿಗಲಿಲ್ಲ. ಅಮ್ಮ ಕೆಟ್ಟವಳಲ್ಲ. ಮನೆಯಲ್ಲಿ ಏಟು ತಿನ್ನುತ್ತಿದ್ದ ಮಗುವಿನ ಕಡೆ ನಿಂತಳು, ಅದು ಸಹಜ. ಆದರೆ ಒಬ್ಬರ ಪಕ್ಷಪಾತವನ್ನು ಇನ್ನೊಬ್ಬರ ಪಕ್ಷಪಾತದಿಂದ ಸರಿದೂಗಿಸಲು ಹೋದರೆ ಮಕ್ಕಳು ಪಾಲಾಗುತ್ತಾರೆ, ಆಸ್ತಿಯ ಥರ. ನೀನು ಅಪ್ಪನ ಪಾಲು ಅಂತ ಆ ಹುಡುಗಿಗೆ ಕೊಳದ ಹತ್ತಿರ ಜಾಗವೇ ಇಲ್ಲದ ದಿನವೇ ಗೊತ್ತಾಗಿತ್ತು.

ಒಂದು ಸಲ ಒಬ್ಬ ತಾಯಿ ಇಷ್ಟು ಕೇಳಿ, ಹಾಗಾದರೆ ಗೊಂಬೆಯ ಬದಲು ಏನು ಕಳಿಸಬೇಕಿತ್ತು ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ಅವರ ಮಗಳೇ ಹೇಳಿದಳು: 'ಫಸ್ಟ್ ಅವಳನ್ನ ಕೇಳಬೇಕಿತ್ತು.'

ಆಮೇಲೆ

ಸರಣಿ ಮುಗಿದ ಮೇಲೆ ಕಥೆ ಕಾಮಿಕ್ಸ್ ಪುಸ್ತಕಗಳಲ್ಲಿ ಮುಂದುವರಿಯಿತು. 2013ರಲ್ಲಿ ಬಂದ ಒಂದರಲ್ಲಿ, ದೊರೆಯಾದ ಅಣ್ಣ ಮಾನಸಿಕ ಆಸ್ಪತ್ರೆಯಲ್ಲಿದ್ದ ತಂಗಿಯನ್ನು ಜೊತೆಗೆ ಕರೆದುಕೊಂಡು ಅಮ್ಮನನ್ನು ಹುಡುಕಲು ಹೊರಡುತ್ತಾನೆ. ಅಮ್ಮ ಸಿಗುತ್ತಾಳೆ. ಆದರೆ ನೋವು ತಾಳಲಾರದೆ ಅವಳು ಒಂದು ಶಕ್ತಿಯ ಹತ್ತಿರ ಬೇಡಿಕೊಂಡು ಮುಖವನ್ನೂ ನೆನಪನ್ನೂ ಬದಲಿಸಿಕೊಂಡಿರುತ್ತಾಳೆ. ಬೇರೆ ಹೆಸರು, ಬೇರೆ ಸಂಸಾರ. ತಂಗಿ ಆ ಮನೆಗೆ ನುಗ್ಗಿ ಅಮ್ಮನನ್ನು ಹಿಡಿಯುತ್ತಾಳೆ. ಎದುರಿಗಿರುವ ಹುಡುಗಿ ಯಾರು ಅಂತ ಅಮ್ಮನಿಗೆ ಗೊತ್ತಿಲ್ಲ. ನೀನು ಹೇಳೋದು ನಿಜವೇ ಆದರೆ, ನಾನು ನಿನ್ನ ಅಮ್ಮನೇ ಆಗಿದ್ದರೆ, ನಿನ್ನನ್ನು ಸಾಕಷ್ಟು ಪ್ರೀತಿಸಲಿಲ್ಲ, ಕ್ಷಮಿಸು ಅನ್ನುತ್ತಾಳೆ.

ಅಷ್ಟರಲ್ಲಿ ಅಣ್ಣ ಒಳಗೆ ಬರುತ್ತಾನೆ. ತಂಗಿ ಕಾಡಿನ ಕಡೆ ಓಡಿಹೋಗುತ್ತಾಳೆ.